ಭದ್ರಾವತಿ ರೇಡಿಯೊದ ಚರಿತ್ರೆ ಬರೆಯಲು ಹೋಗಿ ಹದಿನಾಲ್ಕು ತಿಂಗಳು

ನಿನ್ನೆ ಪ್ರೆಸ್ಸಿನಿಂದ ಫೋನ್ ಬಂತು. "ಮೇಡಂ, ನಿಮ್ಮ ಹದಿನಾರು ಪುಟ ಪ್ರಿಂಟಿಗೆ ಹೋಗಿದೆ, ದಯವಿಟ್ಟು ಇನ್ನು ಏನೂ ತಿದ್ದಬೇಡಿ" ಅಂದರು. ಅವರ ದನಿಯಲ್ಲಿದ್ದ ಸುಸ್ತು ನನಗೂ ಇತ್ತು. ಹೋದ ವರ್ಷ ಜೂನ್‌ನಲ್ಲಿ ಹಿಡಿದ ಕೆಲಸ ಈ ಆಗಸ್ಟ್‌ಗೆ ಮುಗಿಯಿತು. ನಿಮ್ಮ ಊರಿನ ಹಳೆಯ ಮೀಡಿಯಂ ವೇವ್ ಕೇಂದ್ರದ ಬಗ್ಗೆ ಬರೆಯುವ ಆಸೆ ಯಾರಿಗಾದರೂ ಇದ್ದರೆ, ಅಥವಾ ಮನೆಯ ಹಿರಿಯರು ರೇಡಿಯೊದಲ್ಲಿ ಹಾಡಿದ್ದು ಹುಡುಕಬೇಕು ಅಂತಿದ್ದರೆ, ಇದನ್ನು ಓದಿಕೊಂಡು ಹೊರಡಿ. ನಾನು ಬಿದ್ದ ಹಳ್ಳಕ್ಕೇ ನೀವೂ ಬೀಳುವುದು ಬೇಡ.

ಶುರುವಾಗಿದ್ದು ಹೀಗೆ. ಸಾಗರದ ಹತ್ತಿರದ ನಮ್ಮ ಹಳ್ಳಿ ಶಾಲೆಗೆ ಸ್ಮರಣ ಸಂಚಿಕೆ ತರುತ್ತಿದ್ದರು. "ನಿಮ್ಮಮ್ಮ ಭದ್ರಾವತಿ ರೇಡಿಯೊದಲ್ಲಿ ಸೋಬಾನೆ ಹೇಳಿದವರು ಅಲ್ವಾ, ರೇಡಿಯೊ ಕಥೆ ನೀವೇ ಬರೀರಿ, ನಾಲ್ಕು ಪುಟ ಸಾಕು" ಅಂದರು ಸಮಿತಿಯವರು. ನಾಲ್ಕು ಪುಟ ತಾನೇ, ಒಂದು ಭಾನುವಾರದ ಕೆಲಸ ಅಂದುಕೊಂಡೆ. ಬರೆದೂಬಿಟ್ಟೆ. 1965ರಲ್ಲಿ ಕೇಂದ್ರ ಶುರುವಾಯಿತು, ಆರಂಭದಿಂದಲೂ 675 ಕಿಲೋಹರ್ಟ್ಸ್‌ನಲ್ಲಿ ಕೇಳಿಬರುತ್ತಿದೆ, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಊರಿಗೆ ರೇಡಿಯೊ ಕೂಡ ಬಂತು, ಹೀಗೆ ಸುಮ್ನೆ ಅಲ್ಲಿ ಇಲ್ಲಿ ಓದಿದ್ದನ್ನು ಸೇರಿಸಿ ಹೊಲಿದೆ.

ಅದನ್ನು ಓದಿಸಲು ಒಬ್ಬ ಹಿರಿಯರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬೇರೆ ಬೇರೆ ಊರಿನ ರೇಡಿಯೊ ಕೇಂದ್ರಗಳಲ್ಲಿ ತಾಂತ್ರಿಕ ವಿಭಾಗದಲ್ಲಿದ್ದು ನಿವೃತ್ತರಾದವರು. ಕನ್ನಡಕ ಏರಿಸಿ ಎರಡನೇ ಸಾಲಿಗೇ ನಿಂತರು. "ಆರಂಭದಿಂದಲೂ 675 ಅಂತ ಯಾರು ಹೇಳಿದ್ರಮ್ಮಾ ನಿಂಗೆ?"

ಯಾರೂ ಹೇಳಿರಲಿಲ್ಲ. ನಾನೇ ಊಹಿಸಿದ್ದೆ.

ಅವರು ಒಂದು ಹಳೆ ಲಕೋಟೆಯ ಹಿಂದೆ ಬರೆದು ತೋರಿಸಿದರು. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. "ಒಂದೊಂದರ ಅಂಕಿ ಕೂಡಿಸು ನೋಡೋಣ." ಕೂಡಿಸಿದೆ. 6, 1, 2 ಸೇರಿ 9. 6, 7, 5 ಸೇರಿ 18. ಧಾರವಾಡ 18, ಮಂಗಳೂರು 18, ಕಲಬುರಗಿ 9. ಎಲ್ಲವೂ ಒಂಬತ್ತರ ಮಗ್ಗಿಯಲ್ಲಿವೆ. ಮೀಡಿಯಂ ವೇವ್ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರ ಇರಬೇಕು ಅಂತ 1975ರಲ್ಲಿ ಜಿನೀವಾದಲ್ಲಿ ದೇಶಗಳು ಕೂತು ತೀರ್ಮಾನಿಸಿದವು, ಅದು ಜಾರಿಗೆ ಬಂದಿದ್ದು 1978ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆ ಹತ್ತರ ಲೆಕ್ಕ ಇತ್ತು. "675 ಅನ್ನೋದು ಹತ್ತರ ಮಗ್ಗಿಯಲ್ಲಿ ಬರುತ್ತಾ?" ಅಂತ ಕೇಳಿ ಅವರು ಕಾಫಿ ಕುಡಿಯಲು ಕೂತರು. ನಾನು ಆ ನಾಲ್ಕು ಪುಟವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದು ಅಜ್ಜನ ರೇಡಿಯೊ ಇಳಿಸಿ ನೋಡಿದೆ. ದೊಡ್ಡ ಮರ್ಫಿ, ಈಗ ಮಾತಾಡುವುದಿಲ್ಲ. ಅದರ ಗಾಜಿನ ಮೇಲೆ ಅಜ್ಜ ಕೆಂಪು ಬಣ್ಣದಲ್ಲಿ ಎರಡು ಗೀಟು ಎಳೆದಿದ್ದರು, ಒಂದಕ್ಕೊಂದು ಅಂಟಿಕೊಂಡ ಹಾಗೆ, ನಡುವೆ ಒಂದು ಅಕ್ಕಿಕಾಳು ನಿಲ್ಲುವಷ್ಟು ಜಾಗ. ಚಿಕ್ಕವಳಿದ್ದಾಗ ಅಜ್ಜನ ಕೈ ನಡುಗಿ ಹಾಗಾಗಿದೆ ಅಂದುಕೊಂಡಿದ್ದೆ. ಒಂದು ಗೀಟು ಮಾಸಿತ್ತು, ಇನ್ನೊಂದು ಸ್ವಲ್ಪ ಹೊಸದು. ಬಹುಶಃ ಮುಳ್ಳು ನಿಲ್ಲಬೇಕಾದ ಜಾಗ ಬದಲಾದಾಗ ಅಜ್ಜ ಎರಡನೇ ಗೀಟು ಎಳೆದಿರಬೇಕು. ಅವರನ್ನು ಕೇಳೋಣ ಅಂದರೆ ಈಗ ಅವರಿಲ್ಲ.

ಆವತ್ತಿನಿಂದ ಹುಚ್ಚು ಹಿಡಿಯಿತು.

ಮೊದಲನೆಯ ಪಾಠ ಏನೆಂದರೆ, ಒಂದು ರೇಡಿಯೊ ಕೇಂದ್ರಕ್ಕೆ ಒಂದೇ ಹುಟ್ಟುಹಬ್ಬ ಇರುವುದಿಲ್ಲ. ಪರೀಕ್ಷಾರ್ಥ ಪ್ರಸಾರ ಒಂದು ದಿನ, ಉದ್ಘಾಟನೆ ಇನ್ನೊಂದು ದಿನ, ಸ್ವಂತ ಕಾರ್ಯಕ್ರಮ ಶುರುವಾಗುವುದು ಮತ್ತೊಂದು ದಿನ, ಟ್ರಾನ್ಸ್‌ಮಿಟರ್ ಬದಲಾಗುವುದು ಯಾವಾಗಲೋ. ಮೈಸೂರನ್ನೇ ನೋಡಿ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಶುರು ಮಾಡಿದರು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ, ರೇಡಿಯೊ ಅವರ ಹವ್ಯಾಸ. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿ ಬಳಕೆಗೆ ಬಂತು, ದೇಶಕ್ಕೆಲ್ಲ ಆ ಹೆಸರು ಬಂದಿದ್ದು ಆಮೇಲೆ. 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ಹೋಯಿತು. 1974ರಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂತು. ಈಗ ಮೈಸೂರು ಕೇಂದ್ರಕ್ಕೆ ಎಷ್ಟು ವಯಸ್ಸು ಅಂತ ಹೇಳುತ್ತೀರಿ? ಹಾಗಾಗಿ ಯಾವುದೇ ಇಸವಿ ಸಿಕ್ಕಾಗ ಅದು ಯಾವುದರ ಇಸವಿ ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟುಕೊಳ್ಳದೆ ಎರಡು ತಿಂಗಳು ಸುತ್ತಿದೆ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ದಿನ ಹೋಗಿದ್ದೆಲ್ಲ ಇಲ್ಲಿ.

ಸರ್ಕಾರಿ ರೇಡಿಯೊ ಅಲ್ವಾ ಅಂತ ರಾಜ್ಯ ಸರ್ಕಾರದ ಒಂದು ಕಚೇರಿಗೆ ಅರ್ಜಿ ಹಾಕಿದೆ. ಕಚೇರಿಯ ಹೆಸರು ಬರೆಯುವುದಿಲ್ಲ, ಅವರದ್ದೊಂದೇ ತಪ್ಪಲ್ಲ, ನನ್ನದೂ ಇದೆ. ರೇಡಿಯೊ ಈಗ ಪ್ರಸಾರ ಭಾರತಿಯ ಕೆಳಗಿದೆ, 1997ರಿಂದ. ಅದು ಕೇಂದ್ರದ ಸಂಸ್ಥೆ. ಅರ್ಜಿ ಹಾಕಬೇಕಾದ್ದು ಕೇಂದ್ರ ಸರ್ಕಾರದ ಆರ್‌ಟಿಐ ಪೋರ್ಟಲ್‌ನಲ್ಲಿ, ರಾಜ್ಯದ್ದರಲ್ಲಿ ಅಲ್ಲ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಅವರೇ ಐದು ದಿನದೊಳಗೆ ಸರಿಯಾದ ಕಡೆಗೆ ಕಳಿಸಬೇಕು ಅಂತ ಕಾಯ್ದೆಯ 6(3)ರಲ್ಲಿ ಇದೆ. ನನ್ನದನ್ನು ಕಳಿಸಲಿಲ್ಲ. ಮೂವತ್ತೇಳನೇ ದಿನ "ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ" ಅಂತ ಒಂದು ಸಾಲಿನ ಪತ್ರ ಬಂತು. ಆ ಒಂದು ಸಾಲಿಗೆ ಮೂರು ಸೀಲು ಹೊಡೆದಿದ್ದರು.

ಎರಡನೇ ಸಲ ಸರಿಯಾದ ಪೋರ್ಟಲ್‌ನಲ್ಲಿ ಹಾಕಿದೆ. ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೇ ಕಟ್ಟಬಹುದು. ಆದರೆ ಪ್ರಶ್ನೆ ಕೇಳುವುದರಲ್ಲಿ ಎಡವಿದೆ. "ಹಳೆಯ ಧ್ವನಿಸುರುಳಿಗಳನ್ನು ಯಾಕೆ ಉಳಿಸಿಲ್ಲ?" ಅಂತ ಕೇಳಿದ್ದೆ. ಅದು ಜಗಳದ ಪ್ರಶ್ನೆ, ಮಾಹಿತಿಯ ಪ್ರಶ್ನೆ ಅಲ್ಲ. ಅಧಿಕಾರಿ ತನ್ನ ಹತ್ತಿರ ಇರುವ ದಾಖಲೆ ಕೊಡಬೇಕೇ ಹೊರತು ಕಾರಣ ಹುಡುಕಿ ಕೊಡಬೇಕಿಲ್ಲ. ನೀವು ಕೇಳುವುದಾದರೆ "ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಟೇಪ್ ದಾಸ್ತಾನು ಪುಸ್ತಕದ ಪ್ರತಿ ಕೊಡಿ" ಅಂತ ಕೇಳಿ. ಯಾಕೆ, ಹೇಗೆ ಅನ್ನುವ ಪದ ಎರಡೂ ಬೇಡ. ನನ್ನ ಆರು ಪ್ರಶ್ನೆಯಲ್ಲಿ ನಾಲ್ಕಕ್ಕೆ "ಲಭ್ಯವಿಲ್ಲ", ಒಂದಕ್ಕೆ ಉತ್ತರ, ಇನ್ನೊಂದಕ್ಕೆ ಉತ್ತರವೂ ಇಲ್ಲ, ಇಲ್ಲ ಅನ್ನುವುದೂ ಇಲ್ಲ.

ಮೇಲ್ಮನವಿ ಹಾಕಿದೆ. ಮೂವತ್ತು ದಿನದೊಳಗೆ ಹಾಕಬೇಕು, ಅದಕ್ಕೆ ದುಡ್ಡಿಲ್ಲ. ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಯನ್ನು ಗುಟ್ಟು ಅಂತ ತಡೆಹಿಡಿಯಲು ಕಾಯ್ದೆಯಲ್ಲಿ ಹೆಚ್ಚು ದಾರಿ ಇಲ್ಲ, 8(3) ಅದನ್ನೇ ಹೇಳುತ್ತದೆ. ಅದನ್ನು ಒಂದು ಸಾಲಿನಲ್ಲಿ ಮರ್ಯಾದೆಯಿಂದ ಬರೆದೆ. ಜೊತೆಗೆ "ಪ್ರತಿ ಕೊಡಲು ಕಷ್ಟವಾದರೆ ಕಡತವನ್ನು ನಾನೇ ಬಂದು ನೋಡುತ್ತೇನೆ" ಅಂದೆ. ಈ ಕೊನೆಯ ಸಾಲು ಕೆಲಸ ಮಾಡಿತು. ಕರೆದರು. ಮೊದಲ ಒಂದು ಗಂಟೆ ನೋಡಲು ಶುಲ್ಕ ಇಲ್ಲ, ಆಮೇಲೆ ಗಂಟೆಗೆ 5 ರೂಪಾಯಿ, ಪ್ರತಿ ಬೇಕಾದರೆ ಪುಟಕ್ಕೆ 2 ರೂಪಾಯಿ. ನಾಲ್ಕು ಗಂಟೆ ಕೂತೆ, 23 ಪುಟ ಪಡೆದೆ. ಲೆಕ್ಕ ಹಾಕಿ, 61 ರೂಪಾಯಿ. ಅಲ್ಲಿಗೆ ಹೋಗಿ ಬಂದ ಬಸ್ಸು, ಆಟೊ, ಊಟಕ್ಕೆ ಅದರ ಹತ್ತು ಪಟ್ಟು ಖರ್ಚು.

ಆ 23 ಪುಟದಲ್ಲಿ ಏನಿತ್ತು? ಬೆತ್ತದ ಕುರ್ಚಿ ರಿಪೇರಿ, ಸೈಕಲ್ ಸ್ಟ್ಯಾಂಡಿನ ತಗಡು, ಒಂದು ಗಡಿಯಾರದ ಬಗ್ಗೆ ಒಂದೂವರೆ ವರ್ಷ ನಡೆದ ಪತ್ರವ್ಯವಹಾರ. ಕೊನೆಯಲ್ಲಿ ಮಾತ್ರ ಟೇಪುಗಳ ಒಂದು ಪಟ್ಟಿ. ಕಾಲು ಇಂಚಿನ ಸ್ಪೂಲ್ ಟೇಪು, ಒಂದೊಂದಕ್ಕೂ ನಂಬರು, ಮುಂದೆ ಕಾರ್ಯಕ್ರಮದ ಹೆಸರು. ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದು ಹೆಸರು, ಅದರ ಮೇಲೆ ಗೆರೆ ಎಳೆದು ಮತ್ತೊಂದು. ಒಂದೇ ಟೇಪಿನ ಮೇಲೆ ಐದು ಕಾರ್ಯಕ್ರಮ ಬಂದು ಹೋಗಿದ್ದವು. ಆಗ ಟೇಪು ದುಬಾರಿ, ಸಿಗುತ್ತಿದ್ದದ್ದೂ ಕಡಿಮೆ. ಒಂದು ಸಲ ಪ್ರಸಾರವಾಯಿತೋ, ಅಳಿಸಿ ಮುಂದಿನದ್ದು. ಕೃಷಿ ಮಾತುಕತೆಯ ಕೆಳಗೆ ನಾಟಕ, ನಾಟಕದ ಕೆಳಗೆ ಯಾರದ್ದೋ ಕೊಳಲು. ಅಮ್ಮನ ಹಾಡನ್ನೂ ಯಾವುದೋ ಗೊಬ್ಬರದ ಭಾಷಣ ನುಂಗಿರುತ್ತದೆ ಅಂತ ಆವತ್ತು ಬಸ್ಸಿನಲ್ಲಿ ಬರುವಾಗ ಅನಿಸಿ ಬೇಜಾರಾಯಿತು. ಸಿಟ್ಟು ಬರಲಿಲ್ಲ. ನಾವೂ ಮನೆಯಲ್ಲಿ ಮದುವೆ ಕ್ಯಾಸೆಟ್ ಮೇಲೆ ಸಿನಿಮಾ ಹಾಡು ತುಂಬಿಸಿದವರೇ ಅಲ್ವಾ.

ಕಚೇರಿ ಕಡತಕ್ಕಿಂತ ಜಾಸ್ತಿ ಸಿಕ್ಕಿದ್ದು ಮನೆಗಳ ಅಟ್ಟದಲ್ಲಿ.

ಮುಖ್ಯವಾಗಿ ರೇಡಿಯೊ ಲೈಸೆನ್ಸ್ ಪುಸ್ತಕ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತವೆ, ಆದರೆ 80ರ ದಶಕದ ಮಧ್ಯದವರೆಗೆ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷ ವರ್ಷ ನವೀಕರಿಸಬೇಕಿತ್ತು. ಪಾಸ್‌ಬುಕ್ಕಿನ ಹಾಗೆ ಒಂದು ಸಣ್ಣ ಪುಸ್ತಕ, ಒಳಗೆ ರೇಡಿಯೊ ಯಾವ ಕಂಪನಿಯದ್ದು ಅಂತ ಬರೆದು, ಪ್ರತಿ ವರ್ಷಕ್ಕೂ ಅಂಚೆ ಸೀಲು. ನಮ್ಮ ಮನೆಯದರಲ್ಲಿ ಮೊದಲ ಸೀಲು 1966ರದ್ದು. ಭದ್ರಾವತಿ ಶುರುವಾದ ಮರುವರ್ಷ. ಅಜ್ಜ ಆವರೆಗೆ ತಡೆದುಕೊಂಡಿದ್ದು ಯಾಕೆ ಅಂತ ಅದರಿಂದ ಗೊತ್ತಾಯಿತು, ದೂರದ ಸ್ಟೇಷನ್ನಿನ ಕೊರ ಕೊರ ಸದ್ದಿಗೆ ದುಡ್ಡು ಹಾಕುವ ಮನುಷ್ಯ ಅವರಲ್ಲ. ಕೆಳಗಿನ ಕೇರಿಯಲ್ಲಿ ಹನ್ನೊಂದು ಪುಸ್ತಕ ಸಿಕ್ಕವು, ಅದರಲ್ಲಿ ಏಳು 1965ರಿಂದ 1968ರ ಒಳಗಿನವು. ಇದು ದೊಡ್ಡ ಅಂಕಿಅಂಶ ಏನಲ್ಲ, ಒಂದು ಕೇರಿಯ ಲೆಕ್ಕ. ಆದರೂ ಸ್ಟೇಷನ್ ಬಂದ ಮೇಲೆ ರೇಡಿಯೊ ಬಂತು ಅಂತ ನನ್ನ ಲೇಖನದಲ್ಲಿ ಧೈರ್ಯವಾಗಿ ಬರೆದಿದ್ದು ಈ ಏಳು ಪುಸ್ತಕ ನೋಡಿ.

ಲೈಸೆನ್ಸ್ ಇಲ್ಲದ ಮನೆಗಳ ಕಥೆ ಇನ್ನೂ ಚೆನ್ನಾಗಿದೆ. ಪೋಸ್ಟ್ ಆಫೀಸಿನಿಂದ ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂದರೆ ಮೇಲಿನಮನೆ ಅತ್ತೆ ಟ್ರಾನ್ಸಿಸ್ಟರ್ ಅನ್ನು ಅಕ್ಕಿ ಕಣಜದೊಳಗೆ ಹೂತು ಇಡುತ್ತಿದ್ದರಂತೆ. ಒಂದು ಸಲ ಆಫ್ ಮಾಡುವುದನ್ನು ಮರೆತು, ಬಂದವರ ಎದುರಿಗೇ ಕಣಜದಿಂದ ಪ್ರದೇಶ ಸಮಾಚಾರ ಕೇಳಿಸಿತಂತೆ. ಇದು ಎಷ್ಟು ನಿಜವೋ. ಅತ್ತೆ ಹೇಳುವಾಗ ಕಣ್ಣು ಮಿಟುಕಿಸಿದರು. ನಾನು "ಹೇಳುತ್ತಾರೆ" ಅಂತ ಸೇರಿಸಿ ಬರೆದುಕೊಂಡೆ.

ಇನ್ನೊಂದು ಒಳ್ಳೆಯ ಜಾಗ ಅಂದರೆ ಹಳೆಯ ಕಾರ್ಯಕ್ರಮ ಪತ್ರಿಕೆಗಳು. ಆಲ್ ಇಂಡಿಯಾ ರೇಡಿಯೊ 'ಇಂಡಿಯನ್ ಲಿಸನರ್' ಅಂತ ಪತ್ರಿಕೆ ತರುತ್ತಿತ್ತು, 1958ರಿಂದ ಅದರ ಹೆಸರು 'ಆಕಾಶವಾಣಿ' ಆಯಿತು. ಹಳೆ ಸಂಚಿಕೆಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಭದ್ರಾವತಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಎರಡೂ ಥರ ಹಾಕಿ ನೋಡಿ, 'ಟಿ' ಆದ ಮೇಲೆ 'ಎಚ್' ಇರುವುದು, ಇಲ್ಲದಿರುವುದು. ಕೆಲವು ಪುಟ ಮಸುಕಾಗಿರುವುದರಿಂದ ಹುಡುಕುವ ಪೆಟ್ಟಿಗೆಯನ್ನು ನಂಬಬೇಡಿ, ಕಣ್ಣಲ್ಲೇ ಪುಟ ತಿರುಗಿಸಿ. ನಾನು ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ಸಂಚಿಕೆಯಂತೆ ಮೂರು ತಿಂಗಳು ನೋಡಿದೆ. ಕಣ್ಣಿನ ಡಾಕ್ಟರ ಬಿಲ್ಲನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಟ್ರಾನ್ಸ್‌ಮಿಟರಿನ ಬಗ್ಗೆ ಒಂದು ಪುಟ ಬರೆಯಬೇಕಿತ್ತು. ಆ ಹಿರಿಯರ ಹತ್ತಿರವೇ ಮತ್ತೆ ಹೋದೆ. "ಆ ಎತ್ತರದ ಕಂಬದ ಮೇಲೆ ಆಂಟೆನಾ ಎಲ್ಲಿ ಕೂರಿಸಿರುತ್ತಾರೆ ಸರ್?" ಅಂದೆ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. "ಕಂಬದ ಮೇಲೇನೂ ಇಲ್ಲ ಕಣಮ್ಮಾ, ಕಂಬವೇ ಆಂಟೆನಾ." ಮೀಡಿಯಂ ವೇವ್‌ನಲ್ಲಿ ಇಡೀ ಕಬ್ಬಿಣದ ಕಂಬವೇ ಅಲೆ ಬಿಡುತ್ತದೆ. ಅದು ನೆಲಕ್ಕೆ ತಾಗದ ಹಾಗೆ ಪಿಂಗಾಣಿಯ ಇನ್ಸುಲೇಟರ್ ಮೇಲೆ ನಿಂತಿರುತ್ತದೆ. ಸುತ್ತ ಮಣ್ಣಿನೊಳಗೆ ತಾಮ್ರದ ತಂತಿಗಳನ್ನು ಬಂಡಿಚಕ್ರದ ಕಡ್ಡಿಗಳ ಹಾಗೆ ಹರಡಿ ಹೂಳಿರುತ್ತಾರೆ. ಕಂಬ ಎಷ್ಟು ಎತ್ತರ ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಅಲೆ ಓಡುವುದು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್, ಅದನ್ನು 675ರಿಂದ ಭಾಗಿಸಿದರೆ 444.4, ಅಷ್ಟು ಮೀಟರ್ ಒಂದು ಅಲೆಯ ಉದ್ದ. ಅದರ ಕಾಲು ಭಾಗ, ಅಂದರೆ ಸುಮಾರು 111 ಮೀಟರ್ ಕಂಬ ಇದ್ದರೆ ಒಳ್ಳೆಯದು. ಹಳೆಯ ರೇಡಿಯೊದ ಗಾಜಿನ ಮೇಲೆ ಮೀಟರ್‌ಗಳಲ್ಲೂ ಬರೆದಿರುತ್ತಿದ್ದದ್ದು ಇದನ್ನೇ.

ಹಗಲು ಈ ಅಲೆ ನೆಲ ಹಿಡಿದು ಹೋಗುತ್ತದೆ. ರಾತ್ರಿಯಾದರೆ ಆಕಾಶದಲ್ಲಿ ಮೇಲಿನ ಪದರಕ್ಕೆ ಬಡಿದು ದೂರ ದೂರದಲ್ಲಿ ಇಳಿಯುತ್ತದೆ, ಹಗಲಿನಲ್ಲಿ ಅದನ್ನು ಹೀರಿಕೊಳ್ಳುತ್ತಿದ್ದ ಪದರ ಕತ್ತಲಾದ ಮೇಲೆ ಮಾಯವಾಗುತ್ತದಂತೆ. ಸಂಜೆ ಆದ ಹಾಗೆ ನಮ್ಮ ಸ್ಟೇಷನ್ನಿನ ಹಿಂದೆ ಯಾವುದೋ ಗೊತ್ತಿಲ್ಲದ ಭಾಷೆಯವರು ಮಾತಾಡುತ್ತಿದ್ದದ್ದು ಅದಕ್ಕೇ. ನಮ್ಮ ದೊಡ್ಡಮ್ಮ ಅದನ್ನು "ಆಚೆಮನೆಯವರು ಎದ್ದರು" ಅನ್ನುತ್ತಿದ್ದರು. ಇದು ನೆನಪಿರಲಿ, ಮುಂದೆ ಬರುತ್ತದೆ.

ಒಂದು ಎಚ್ಚರಿಕೆ. ಟ್ರಾನ್ಸ್‌ಮಿಟರ್ ಇರುವ ಜಾಗಕ್ಕೆ ಹೋಗಿ ಮೊಬೈಲ್ ಎತ್ತಿ ಫೋಟೊ ತೆಗೆಯಬೇಡಿ. ಮೊದಲು ಬರವಣಿಗೆಯಲ್ಲಿ ಅನುಮತಿ ಕೇಳಿ. ನಾನು ಫೋಟೊದ ಆಸೆ ಬಿಟ್ಟು ನನ್ನ ಮಗಳ ಕೈಯಲ್ಲಿ ಒಂದು ಚಿತ್ರ ಬರೆಸಿದೆ, ಪಿಂಗಾಣಿ ಇನ್ಸುಲೇಟರ್ ಸ್ವಲ್ಪ ಉಪ್ಪಿನಕಾಯಿ ಭರಣಿಯ ಹಾಗೆ ಕಾಣುತ್ತದೆ, ಇರಲಿ.

ಈಗ ಅಮ್ಮನ ಹಾಡಿನ ವಿಷಯ.

ಅಮ್ಮನ ಟ್ರಂಕಿನಲ್ಲಿ ರೇಡಿಯೊದವರು ಕಳಿಸಿದ ಕರಾರು ಪತ್ರ ಇತ್ತು. ಇಸವಿ 1984 ಅಂತ ಕಾಣುತ್ತದೆ, ತಾರೀಕು ಇರಬೇಕಾದ ಮೂಲೆಯನ್ನು ಗೆದ್ದಲು ತಿಂದಿದೆ. ಹಣ ಪಡೆದಿದ್ದಕ್ಕೆ 20 ಪೈಸೆಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿ ಬಂದಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿದೆ, ಹಾಡಿದ್ದಕ್ಕಿಂತ ಜಾಸ್ತಿ. ನಾಲ್ಕು ಜನ ಹೆಂಗಸರು ಬೆಳಗಿನ ಮೊದಲ ಬಸ್ಸಿಗೆ ಹೊರಟು, ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಸ್ಟುಡಿಯೊದ ಬಾಗಿಲು ಮುಚ್ಚಿದಾಗ ಕಿವಿ ಗುಂಯ್ ಅಂದಿದ್ದು, ಬಳೆ ಸದ್ದು ಬರುತ್ತದೆ ಅಂತ ಕೈಗೆ ಸೆರಗು ಸುತ್ತಿಕೊಳ್ಳಲು ಹೇಳಿದ್ದು, ಇಷ್ಟೆಲ್ಲ ನೆನಪಿದೆ. ಯಾವ ಹಾಡು ಅನ್ನುವುದು ನೆನಪಿಲ್ಲ.

ಕೇಂದ್ರದಲ್ಲಿ ಟೇಪ್ ಸಿಗುವ ಆಸೆ ಬಿಟ್ಟಿದ್ದೆ. ಆಗ ಯಾರೋ ಹೇಳಿದರು, ರೇಡಿಯೊ ಕೇಳುತ್ತಾ ಕೆಲಸ ಮಾಡುತ್ತಿದ್ದವರನ್ನು ಕೇಳಿ, ಸ್ಟೇಷನ್ನಿನವರನ್ನಲ್ಲ ಅಂತ. ಯಾರು ಅವರು? ಟೈಲರ್‌ಗಳು, ಹೋಟೆಲ್ ಗಲ್ಲಾದಲ್ಲಿ ಕೂರುವವರು, ಬೀಡಿ ಕಟ್ಟುವವರು. ಸಾಗರದಲ್ಲಿ ಒಬ್ಬ ಹಳೆಯ ಟೈಲರ್ ಸಿಕ್ಕರು. ಟೂ ಇನ್ ಒನ್ ಇಟ್ಟುಕೊಂಡು ರೇಡಿಯೊದಿಂದ ನೇರ ಕ್ಯಾಸೆಟ್‌ಗೆ ತುಂಬಿಸಿಕೊಳ್ಳುತ್ತಿದ್ದವರು. ಅಂಗಡಿಯ ಅಟ್ಟದ ಮೇಲೆ ಎರಡು ಬಿಸ್ಕತ್ ಡಬ್ಬಿಯಲ್ಲಿ ಕ್ಯಾಸೆಟ್‌ಗಳು. "ತಗೊಂಡು ಹೋಗಮ್ಮಾ, ಒಂದೂ ಓಡಲ್ಲ, ಎಲ್ಲಾ ಬೂಷ್ಟು" ಅಂದರು.

ಹೌದು, ಎಲ್ಲ ಬೂಷ್ಟು. ಮಲೆನಾಡಿನ ನಲವತ್ತು ಮಳೆಗಾಲ ಕಂಡಿವೆ ಅವು. ಪಟ್ಟಿಯ ಅಂಚಿನ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಏನೆಂದರೆ, ತಡೆಯಲಾರದೆ ಮೊದಲನೆಯದನ್ನು ಮನೆಯ ಪ್ಲೇಯರ್‌ಗೆ ಹಾಕಿಬಿಟ್ಟೆ. ಅರ್ಧ ನಿಮಿಷ ಗುರ್ ಅಂತು, ಪಟ್ಟಿ ಸುತ್ತಿಕೊಂಡು ತುಂಡಾಯಿತು, ಪಟ್ಟಿಯನ್ನು ಓದುವ ಹೆಡ್ ಮೇಲೆಲ್ಲ ಬಿಳಿ ಪುಡಿ. ದಯವಿಟ್ಟು ಹಾಗೆ ಮಾಡಬೇಡಿ. ಬೂಷ್ಟು ಹಿಡಿದ ಕ್ಯಾಸೆಟ್ ಅನ್ನು ಓಡಿಸುವುದಿರಲಿ, ವೇಗವಾಗಿ ಹಿಂದಕ್ಕೂ ಸುತ್ತಬಾರದು. ಮೊದಲು ಒಣಗಿದ ಜಾಗದಲ್ಲಿ ಕೆಲವು ದಿನ ಇಡಿ, ಬಿಸಿಲಿಗೆ ಹಾಕಬೇಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಲ್ಲಿ ಒರೆಸಿ.

ಡಿಜಿಟಲ್ ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. ಕ್ಯಾಸೆಟ್ ಒಂದಕ್ಕೆ 350 ರೂಪಾಯಿಯಂತೆ ಆರಕ್ಕೆ ಮುಂಗಡ ತೆಗೆದುಕೊಂಡು, ಒಂದು ತಿಂಗಳು ಇಟ್ಟುಕೊಂಡು, "ಏನೂ ಕೇಳಿಸಲ್ಲ ಮೇಡಂ" ಅಂತ ವಾಪಸ್ ಕೊಟ್ಟರು. ದುಡ್ಡು ವಾಪಸ್ ಕೊಡಲಿಲ್ಲ. ಕೊನೆಗೆ ಕೈ ಹಿಡಿದದ್ದು ಅದೇ ಹಿರಿಯರು. ಮೇಜಿನ ಮೇಲೆ ಹಳೆ ಪೇಪರ್ ಹಾಸಿ, ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಒಳಗಿನ ಎರಡು ಚಕ್ರವನ್ನು ಪಟ್ಟಿಸಮೇತ ಎತ್ತಿ ಹೊಸ ಕ್ಯಾಸೆಟ್ಟಿನ ಗೂಡಿಗೆ ಇಳಿಸಿದರು. ಹಳೆಯದರಲ್ಲಿ ಪಟ್ಟಿಯನ್ನು ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಉಣ್ಣೆಯ ತುಂಡು ಉದುರಿ ಹೋಗಿತ್ತು, ಅಂಗಡಿಯವರಿಗೆ ಕೇಳಿಸದೆ ಇದ್ದದ್ದು ಅದಕ್ಕೇ ಇರಬೇಕು. ಆಮೇಲೆ ಪ್ಲೇಯರಿನ ಹೆಡ್ ಪಕ್ಕದ ಚಿಕ್ಕ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿದರು. ಕಂಬಳಿಯೊಳಗಿಂದ ಬರುತ್ತಿದ್ದ ಹಾಗಿದ್ದ ದನಿ ಒಮ್ಮೆಗೇ ಹೊರಗೆ ಬಂದು ನಿಂತಿತು. ನನಗೆ ರೋಮಾಂಚನ. ಅವರು "ಹೂಂ, ಅಜಿಮತ್ ಸರಿಯಾಯ್ತು" ಅಂದರು ಅಷ್ಟೇ. ಪಟ್ಟಿಗೆ ಹೆಡ್ ನಿಲ್ಲುವ ಓರೆಯನ್ನು ಹಾಗನ್ನುತ್ತಾರೆ.

ನಾಲ್ಕನೇ ಕ್ಯಾಸೆಟ್‌ನಲ್ಲಿ ಸೋಬಾನೆ ಇತ್ತು. ಮೂಲತಃ ಸಿನಿಮಾ ಹಾಡಿನ ಕ್ಯಾಸೆಟ್ ಅದು, ಮೇಲಿನ ತೂತಿಗೆ ಕಾಗದ ಅಂಟಿಸಿ ಅದರ ಮೇಲೆಯೇ ತುಂಬಿಸಿದ್ದರು. ಮುಂದೆ ಇಬ್ಬರು ಹೇಳುತ್ತಾರೆ, ಹಿಂದೆ ಇಬ್ಬರು ಎತ್ತಿಕೊಳ್ಳುತ್ತಾರೆ. ಹಾಡಿನ ಹಿಂದೆ ಹೊಲಿಗೆ ಮಿಷಿನ್ ಸದ್ದು, ಅದರ ಹಿಂದೆ, ದೂರದಲ್ಲಿ, ಆಚೆಮನೆಯವರು. ಸಂಜೆಯ ಪ್ರಸಾರ ಅಂತ ಹಾಗೆ ಗೊತ್ತಾಯಿತು. ಹಾಡು ಮುಗಿದ ಮೇಲೆ ಟೈಲರ್ ಟೇಪ್ ನಿಲ್ಲಿಸುವುದನ್ನು ಮರೆತಿದ್ದರು. ವಾರ್ತೆ ಶುರುವಾಯಿತು. ರಾಕೇಶ್ ಶರ್ಮಾ ಬಾಹ್ಯಾಕಾಶದಲ್ಲಿ ಇದ್ದಾರೆ ಅನ್ನುವಷ್ಟು ಕೇಳಿ ಟಕ್ ಅಂತ ನಿಂತಿತು. ಅವರು ಮೇಲಕ್ಕೆ ಹೋಗಿದ್ದು 1984ರ ಏಪ್ರಿಲ್ 3, ಇಳಿದಿದ್ದು ಏಪ್ರಿಲ್ 11. ಗೆದ್ದಲು ತಿಂದ ತಾರೀಕು ಆ ಎಂಟೊಂಬತ್ತು ದಿನದೊಳಗೆ ಸಿಕ್ಕಿತು. ಹಳೆಯ ಕ್ಯಾಸೆಟ್ ಸಿಕ್ಕರೆ ಬೇಕಾದ ಹಾಡಷ್ಟನ್ನೇ ಕತ್ತರಿಸಿಕೊಳ್ಳಬೇಡಿ, ಹಿಂದುಮುಂದಿನದ್ದೆಲ್ಲ ಉಳಿಸಿ. ತಾರೀಕು ಇರುವುದು ಅಲ್ಲಿ.

ಅದನ್ನು ಸಂಚಿಕೆಯಲ್ಲಿ ಕ್ಯೂಆರ್ ಕೋಡ್ ಮಾಡಿ ಹಾಕೋಣ ಅಂತ ಸಮಿತಿಯವರಿಗೆ ಉತ್ಸಾಹ. ನಾನು ತಡೆದೆ. ಹಾಡು ಜನಪದ, ಹಾಡಿದ್ದು ಅಮ್ಮ, ಸರಿ, ಆದರೆ ಧ್ವನಿಮುದ್ರಣದ ಹಕ್ಕು ಬೇರೆ, ಅದು ಮಾಡಿಸಿದವರದ್ದು, 60 ವರ್ಷ ಇರುತ್ತದೆ. ಒಪ್ಪಿಗೆ ಕೇಳಿ ಪತ್ರ ಬರೆದು ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ. ಹಾಗಾಗಿ ಸಂಚಿಕೆಯಲ್ಲಿ ಕೋಡ್ ಇಲ್ಲ. ನೀವು ಈ ಪತ್ರವನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ, ಕೊನೆಗೆ ಇಡಬೇಡಿ.

ಒಟ್ಟು ನನ್ನ ಕೈಯಿಂದ ಹೋಗಿದ್ದು 9,400 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಓಡಾಟಕ್ಕೆ. ನಾಲ್ಕು ಪುಟ ಹದಿನಾರು ಆಗಿದ್ದಕ್ಕೆ ಸಮಿತಿಯವರ ಮುಖ ಸ್ವಲ್ಪ ಸಣ್ಣಗಾಯಿತು.

ಪುಟ ಕಟ್ಟಿ ಎಲ್ಲ ಮುಗಿದ ಮೇಲೆ, ಹೋದ ವಾರ, ಅಮ್ಮನಿಗೆ ಹಾಡು ಕೇಳಿಸಿದೆ. ಮೊದಲೇ ಕೇಳಿಸಬೇಕಿತ್ತು, ಅಮ್ಮ ತಂಗಿಯ ಮನೆಯಲ್ಲಿದ್ದರು, ಫೋನಿನಲ್ಲಿ ಬೇಡ ಅಂತ ಇಟ್ಟುಕೊಂಡಿದ್ದೆ. ಕಣ್ಣು ಮುಚ್ಚಿ ಕೂತು ಪೂರ್ತಿ ಕೇಳಿದರು. ಅಳುತ್ತಾರೆ ಅಂದುಕೊಂಡೆ.

"ಇದು ನಾನಲ್ಲ ಕಣೇ" ಅಂದರು. "ಮುಂದೆ ಹೇಳ್ತಿರೋದು ನಿನ್ನ ಮೇಲಿನಮನೆ ಅತ್ತೆ. ಆವತ್ತು ನಂಗೆ ಕೆಮ್ಮು, ನಾನು ಹಿಂದೆ ನಿಂತಿದ್ದೆ."

ಇನ್ನೊಂದು ಸಲ ಹಾಕಲು ಹೇಳಿ, ಹಿಂದಿನ ದನಿಯಲ್ಲಿ ಒಂದು ಕಡೆ ಬೆರಳೆತ್ತಿ ತೋರಿಸಿದರು. ಅಲ್ಲಿ, ಎರಡು ಸಾಲಿನ ನಡುವೆ, ಯಾರೋ ಸಣ್ಣಗೆ ಕೆಮ್ಮುತ್ತಾರೆ.

ಪ್ರೆಸ್ಸಿಗೆ ಫೋನ್ ಮಾಡಿ ಫೋಟೊದ ಕೆಳಗಿನ ಸಾಲು ಬದಲಾಯಿಸಿದೆ. ಪ್ಲೇಟ್ ಮತ್ತೆ ಮಾಡಿದ್ದಕ್ಕೆ 800 ರೂಪಾಯಿ, ಮೇಲಿನ ಲೆಕ್ಕದಲ್ಲಿ ಅದೂ ಸೇರಿದೆ. ಮೇಲಿನಮನೆ ಅತ್ತೆ ಈಗ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡು ಅಂತ ಹಿಡಿದಿದ್ದಾರೆ, ಹೊಲಿಗೆ ಮಿಷಿನ್ ಸದ್ದು ತೆಗೆದು ಕೊಡಬೇಕಂತೆ.